ಹೆಗಲಪಾಳಿ

ಹಳ್ಳದ ದಂಡೆ ಇಳಿಯುವಾಗ ಬಸವಣ್ಣೆಪ್ಪನ ಬಲಗಾಲು ಎರೆಮಣ್ಣಿನ ಬಿರುಕಿನೊಳಗೆ ಹೋಯಿತು. ನಾಲ್ವರು ಹೊತ್ತಿದ್ದ ಹಗ್ಗದ ಹೊರಸಿನ ಒಂದು ಮೂಲೆ ಗೇಣುದ್ದ ಕುಸಿದು, ಭಾರವೆಲ್ಲ ಉಳಿದ ಮೂವರ ಹೆಗಲ ಮೇಲೆ ಹೊರಳಿತು. ಮೇಲೆ ಮಲಗಿದ್ದ ಮೀರಾ ಕೂಗಲಿಲ್ಲ. ಹಿಡಿದಿಟ್ಟುಕೊಂಡ ಉಸಿರು ಮೂಗಿನಿಂದ ಒಮ್ಮೆಲೇ ಹೊರಬಿದ್ದ ಸದ್ದು ಮಾತ್ರ, ಹೊರಸಿನ ಮುಂದಿನ ಎಡಗಾಲಿಗೆ ಹೆಗಲು ಕೊಟ್ಟಿದ್ದ ಅವಳ ಅಪ್ಪ ದತ್ತಾತ್ರಿಗೆ ಕೇಳಿಸಿತು. ಅವನು ನಿಂತ. ಅವನು ನಿಂತಿದ್ದಕ್ಕೆ ಉಳಿದವರೂ ನಿಲ್ಲಬೇಕಾಯಿತು. ನಾಲ್ವರೂ ನಾಲ್ಕು ಎತ್ತರದವರು. ನಿಂತರೂ ಹೊರಸು ಸಮ ಬರಲಿಲ್ಲ.

"ನಿಂದ್ರಬ್ಯಾಡ್ರಿ" ಎಂದಳು ಮೀರಾ, ಆಕಾಶ ನೋಡುತ್ತಲೇ. "ನಿಂತರ ಮತ್ತ ಎತ್ತೋ ಮುಂದ ಇನ್ನೊಮ್ಮಿ ಕುಲುಕ್ತದ."

ಅವಳಿಗೆ ಹದಿನಾಲ್ಕು. ಹಿಂದಿನ ವರ್ಷ ಶುರುವಾದ ಬೆನ್ನುನೋವು ಕ್ಷಯವೆಂದು ಬೀದರಿನಲ್ಲಿ ಗೊತ್ತಾಗುವ ಹೊತ್ತಿಗೆ ಬೆನ್ನುಮೂಳೆಯ ಎರಡು ಮಣಿಗಳು ಸವೆದುಹೋಗಿದ್ದವು. ಡಾಕ್ಟರು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ, ಗುಳಿಗೆ ಬರೆದು, ಎಲುಬು ಕೂಡುವವರೆಗೆ ಅಂಗಾತ ಮಲಗಿಯೇ ಇರಬೇಕು, ತಿಂಗಳಿಗೊಮ್ಮೆ ತೋರಿಸಲು ಬರಬೇಕು ಎಂದಿದ್ದರು. ಎರಡೂ ಮಾತನ್ನು ದತ್ತಾತ್ರಿ ತಲೆ ಆಡಿಸಿ ಒಪ್ಪಿಕೊಂಡಿದ್ದ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆಯೇ ಅವನಿಗೆ ಆ ಎರಡು ಮಾತುಗಳ ನಡುವೆ ತಮ್ಮ ಪುಟ್ಟ ಊರು ವಾಡಿಯ ದಾರಿ ಇದೆಯೆಂದು ಹೊಳೆದದ್ದು.

ಚಿಂತಾಕಿಯ ಡಾಂಬರು ರಸ್ತೆಯಿಂದ ವಾಡಿಗೆ ಜೀಪು ಬರುವುದಿಲ್ಲ. ನಡುವೆ ಇರುವುದು ಹೊಲ, ಒಡ್ಡು, ಒಣಗಿದ ಹಳ್ಳ, ಅದರ ತುಂಬ ಬೋರುಗಲ್ಲು. ರೋಗಿಯಾಗಲಿ, ದಿನ ತುಂಬಿದ ಬಸುರಿಯಾಗಲಿ, ಹೆಗಲ ಮೇಲೆಯೇ ಹೋಗಬೇಕು. ಎಪ್ಪತ್ತೆರಡರ ಬರದಲ್ಲಿ ಊರಿಗೆ ಊರೇ ಗುಳೆ ಹೊರಟಾಗ, ಹೊರುವವರಿಲ್ಲದೆ ಒಬ್ಬ ಹೆಂಗಸು ಹೆರಿಗೆಯಲ್ಲೇ ಸತ್ತಳಂತೆ. ಅವತ್ತು ಹಿರಿಯರು ಒಂದು ಕಟ್ಟಳೆ ಮಾಡಿದರು. ಎಂಥ ಬರವೇ ಬರಲಿ, ನಾಲ್ಕು ಗಟ್ಟಿ ಹೆಗಲು ಊರಲ್ಲಿ ಉಳಿಯಬೇಕು; ಹೆಗಲಿಗೆ ಯಾವ ಓಣಿಯದೆಂದು ಕೇಳಬಾರದು; ಗುಳೆ ಹೋದವರು ಉಳಿದವರ ಮನೆಗೆ ಜೋಳ ಹಾಕಬೇಕು. ಅದಕ್ಕೆ ಹೆಗಲಪಾಳಿ ಎಂದೇ ಹೆಸರು. ಮಳೆ ಬಂದ ವರ್ಷಗಳಲ್ಲಿ ಮರೆತುಹೋಗುತ್ತಿತ್ತು, ಬರ ಬಂದಾಗ ಮತ್ತೆ ನೆನಪಾಗುತ್ತಿತ್ತು.

ಈ ಸಲ ಎಳ್ಳಮಾಸಿಗೆ ಹೊಲದಲ್ಲಿ ಕೂತು ಭಜ್ಜಿ ಉಣ್ಣಲು ಹೊಲವೇ ಹಸಿರಾಗಿರಲಿಲ್ಲ. ಹಬ್ಬ ಕಳೆದ ಕೂಡಲೇ ಕೂಲಿಯಾಳುಗಳನ್ನು ಒಯ್ಯುವ ಮುಕಾದಮನ ಲಾರಿ ಬಂತು. ದತ್ತಾತ್ರಿಯ ಹೆಂಡತಿ ಸುಭದ್ರಾ ಚಿಕ್ಕ ಮಗ ಏಕನಾಥನನ್ನು ಕಂಕುಳಲ್ಲಿ ಎತ್ತಿಕೊಂಡು, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆಂದು ಅದನ್ನು ಹತ್ತಿದಳು. ಮಗಳ ಹತ್ತಿರ ಒಬ್ಬರಾದರೂ ಇರಬೇಕೆಂದು ದತ್ತಾತ್ರಿ ಪಾಳಿಗೆ ತನ್ನ ಹೆಸರನ್ನು ತಾನೇ ಹೇಳಿದ. ಅವನ, ಮೀರಾಳ, ಅವನ ತಾಯಿ ಕೌಸಲ್ಯಾಬಾಯಿಯ ಹೊಟ್ಟೆ ನಡೆಯುತ್ತಿದ್ದುದು ಆ ಪಾಳಿಯ ಜೋಳದಿಂದ.

ಅಂದು ಹಳ್ಳ ದಾಟಿ ಬಂದಾಗ ರಸ್ತೆಯ ಮೇಲೆ ಜಹೀರೋದ್ದೀನ ತನ್ನ ಜೀಪಿನ ಹಿಂದಿನ ಸೀಟು ಬಿಚ್ಚಿ ಕಾಯುತ್ತಿದ್ದ. ಹೊರಸನ್ನು ಒಳಗೆ ಸರಿಸುವಾಗ ಮೀರಾಳ ಕಣ್ಣಂಚಿನಿಂದ ನೀರು ಕಿವಿಯೊಳಗೆ ಇಳಿಯುವುದನ್ನು ನೋಡಿ, ಅವಳ ಮನಸ್ಸು ಬೇರೆಡೆ ಹೋಗಲೆಂದು ತನ್ನ ಫೋನು ಕೈಗೆ ಕೊಟ್ಟ. ಔರಾದ ದಾಟುವ ಹೊತ್ತಿಗೆ ಅವಳು ಒಂದೇ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಯಾವುದೋ ದೇಶದ ಆರು ಗಾಲಿಯ ಯಂತ್ರ, ಒಳಗೆ ಮನುಷ್ಯರಿಲ್ಲ, ಕಲ್ಲುಬಂಡೆಗಳ ಮೇಲೆ ಜೇಡದ ಹಾಗೆ ಏರಿ ಇಳಿಯುತ್ತಿತ್ತು.

"ಅಪ್ಪಾ, ಇದರ ಹೊಟ್ಟಿ ನೋಡು" ಎಂದಳು. "ಗಾಲಿ ಏರ್ತಾವ, ಇಳೀತಾವ. ಹೊಟ್ಟಿ ಇದ್ದಲ್ಲೇ ಅದ."

ದತ್ತಾತ್ರಿ ಬಗ್ಗಿ ನೋಡಿದ. ಅವನು ಬೀದರಿನ ಚಿದ್ರಿಯಲ್ಲಿ ಖಾಸಿಂ ಅಲಿಯ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಟ್ರ್ಯಾಕ್ಟರ್ ಟ್ರಾಲಿ ಕಟ್ಟಿದವನು. ಬರ ಬಿದ್ದು ಟ್ರಾಲಿ ಕೇಳುವವರಿಲ್ಲದೆ ಊರಿಗೆ ಬಂದಿದ್ದ. ದೊಡ್ಡ ಟ್ರಾಲಿಗಳಿಗೆ ಒಂದೊಂದು ಬದಿಗೆ ಎರಡೆರಡು ಗಾಲಿಗಳನ್ನು ಒಂದೇ ತೊಲೆಗೆ ಸೇರಿಸಿ, ತೊಲೆಯನ್ನು ನಡುಮಧ್ಯೆ ಪಿನ್ನಿನ ಮೇಲೆ ತೂಗಬಿಡುತ್ತಾರೆ. ಮುಂದಿನ ಗಾಲಿ ಕಲ್ಲು ಹತ್ತಿದರೆ ತೊಲೆ ವಾಲುತ್ತದೆ, ಮೇಲಿನ ಭಾರ ಅರ್ಧದಷ್ಟೇ ಏಳುತ್ತದೆ. ಫೋನಿನಲ್ಲಿದ್ದದ್ದು ಅದರದೇ ದೊಡ್ಡಪ್ಪನ ಮಗನ ಹಾಗೆ ಕಂಡಿತು.

ಗಾಡಿ ಮಾಡಲು ಶುರು ಮಾಡಿದ್ದು ಹಾಗೆ. ಭಾಲ್ಕಿಯ ಗುಜರಿಯಿಂದ ಹಳೆಯ ಮೊಪೆಡ್ಡಿನ ನಾಲ್ಕು ಗಾಲಿ ತಂದ. ಖಾಸಿಂ ಅಲಿ ಶೆಡ್ಡಿನ ಬೀಗ ತೆಗೆದು, ವೆಲ್ಡಿಂಗ್ ಸೆಟ್ಟಿನ ಮೇಲಿನ ಧೂಳು ತಾನೇ ಒರೆಸಿದ. ವರ್ಷವಿಡೀ ಸುಮ್ಮನೆ ಕೂತ ಶೆಡ್ಡಿನಲ್ಲಿ ಮತ್ತೆ ಕಿಡಿ ಹಾರಿದ್ದು ನೋಡಿ ಎದುರಿನ ಚಹಾದಂಗಡಿಯವನು ಯಾರ ಟ್ರಾಲಿಯೆಂದು ಕೇಳಲು ಬಂದಿದ್ದ. ಎಡಕ್ಕೊಂದು ಬಲಕ್ಕೊಂದು ತೂಗುವ ತೊಲೆ. ಅವುಗಳ ಮೇಲೆ ಪೈಪಿನ ಚೌಕಟ್ಟು. ಚೌಕಟ್ಟಿಗೆ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿಗಳಿಂದ ಜೋಲಿಯ ಹಾಗೆ ತೂಗುಹಾಕಿದ ಹಲಗೆ. ಹಿಂದೆ ಒಂದೇ ಹಿಡಿ. ಊರಲ್ಲಿ ಗಂಡಸರು ಕಡಿಮೆ ಎಂದು, ಒಬ್ಬರೇ ನೂಕುವಂತೆ ಬೇಕೆಂದೇ ಹಾಗೆ ಮಾಡಿದ್ದ.

ವಾಡಿಗೆ ತಂದ ದಿನ ಎಲ್ಲರೂ ಹನುಮಂತನ ಕಟ್ಟೆಯ ಹತ್ತಿರ ಸೇರಿದರು. ಎಲ್ಲರೂ ಎಂದರೆ ಮುದುಕರು, ಮುದುಕಿಯರು, ಪಾಳಿಯ ನಾಲ್ವರು. ದತ್ತಾತ್ರಿ ಒಂದು ಚೀಲ ಮರಳು ಹೇರಿ ಕೌಸಲ್ಯಾಬಾಯಿಯ ಕೈಗೆ ಹಿಡಿ ಕೊಟ್ಟ. ಅರವತ್ತು ದಾಟಿದ ಆ ಹೆಂಗಸು ಸೆರಗು ಸಿಕ್ಕಿಸಿ, ಗಾಡಿಯನ್ನು ಒಡ್ಡು ಹತ್ತಿಸಿ ಇಳಿಸಿ, ಹಳ್ಳದ ಕಲ್ಲುಗಳ ಮೇಲೆ ತಿರುಗಿಸಿಕೊಂಡು ಬಂದಳು. ಉಬ್ಬಸವೂ ಬಂದಿರಲಿಲ್ಲ.

ಪಾಳಿ ನೋಡಿಕೊಳ್ಳುವ ಹಿರಿಯ ಹಾವಗೆಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಆಡಿದ ಮಾತು ಹೊಗಳಿಕೆಯೇ ಆಗಿತ್ತು. ಒಬ್ಬ ಮುದುಕಿ ನೂಕುವಂಥದ್ದು ಬಂದ ಮೇಲೆ ನಾಲ್ಕು ದುಡಿಯುವ ಹೆಗಲು ಇಲ್ಲಿ ಯಾಕೆ ಕೂತಿರಬೇಕು, ಹೋದವರ ಹೊಟ್ಟೆಗೇ ಸಾಲದಾಗ ಜೋಳ ಎಲ್ಲಿಂದ ಕಳಿಸಬೇಕು ಎಂದ. ಮೀರಾಳನ್ನು ಒಮ್ಮೆ ಕರೆದೊಯ್ದು ನೋಡುವುದು, ಅವಳಿಗೆ ನೋವಾಗದಿದ್ದರೆ ಪಾಳಿ ಬಿಡುವುದು ಎಂದಾಯಿತು.

"ನೋವು ಆಕೀದು, ಮಾತೂ ಆಕೀದೇ" ಎಂದ ಹಾವಗೆಪ್ಪ.

ಬಸವಣ್ಣೆಪ್ಪನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಹೈದರಾಬಾದಿನಲ್ಲಿದ್ದಳು. ಅವಳ ಮುಖವೇ ಮರೆತುಹೋಗಿದೆ ಎಂದು ಅವನು ನಕ್ಕ. ಕೌಸಲ್ಯಾಬಾಯಿ ಸೆರಗು ಬಿಚ್ಚುತ್ತ, "ಆಕೀನೂ ನಿನ್ನ ಮಾರಿ ಮರತೇ ಆರಾಮ ಇರ್ಬೇಕು" ಎಂದಳು. ಎಲ್ಲರೂ ನಕ್ಕರು. ದತ್ತಾತ್ರಿಯೂ ನಕ್ಕ. ನಗುತ್ತಿರುವಾಗಲೇ, ತಾನು ಹಿಂದೆ ಒಂದೇ ಹಿಡಿ ಇಟ್ಟಿದ್ದು ಏನು ಮಾಡಿಬಿಟ್ಟಿದೆ ಎಂದು ಅವನಿಗೆ ತಿಳಿಯಿತು. ಪಾಳಿ ಹೋದರೆ ಮಗಳನ್ನು ಬಿಟ್ಟು ತಾನೂ ಲಾರಿ ಹತ್ತಬೇಕು.

ಮೀರಾಳನ್ನು ಮಲಗಿಸಿ ಹಳ್ಳದವರೆಗೆ ಒಯ್ದು ತಂದಾಗ ಅವಳು ನೋಯುತ್ತದೆ ಎಂದಳು. ಹೊರಸಿಗಿಂತ ಹೆಚ್ಚೇ ಎಂದಳು. ದತ್ತಾತ್ರಿಯ ಮನಸ್ಸಿಗೆ ಪೆಟ್ಟಾಯಿತು, ಹಗುರವೂ ಆಯಿತು. ಯಾವುದು ಎಷ್ಟೆಂದು ಅವನು ನೋಡಿಕೊಳ್ಳಲು ಹೋಗಲಿಲ್ಲ. ರಬ್ಬರಿನ ಪಟ್ಟಿ ಬದಲಿಸಿದ. ಮತ್ತೆ ನೋವು ಎಂದಳು. ಗಾಲಿಯ ಗಾಳಿ ಇಳಿಸಿದ. ಈಗ ಸೊಂಟದ ಹತ್ತಿರ ಹಿಡಿಯುತ್ತದೆ ಎಂದಳು. ಗಾಡಿ ಸರಿಯಾಗುವವರೆಗೆ ಪಾಳಿ ಇರಲಿ ಎಂದು ಹಾವಗೆಪ್ಪ ಒಪ್ಪಿದ. ಪಾಳಿಯ ಜೋಳ ಮಾತ್ರ ಪ್ರತಿ ಸಲ ಸ್ವಲ್ಪ ತಡವಾಗಿ, ಸ್ವಲ್ಪ ಕಡಿಮೆಯಾಗಿ ಬರತೊಡಗಿತು.

ಒಂದು ಮಧ್ಯಾಹ್ನ ಅವನು ಹಿತ್ತಾಳೆಯ ಗಂಗಾಳಕ್ಕೆ ಅಂಚಿನವರೆಗೆ ನೀರು ತುಂಬಿದ. ಟ್ಯಾಂಕರಿನ ನೀರಿಗೆ ಸರದಿಯಲ್ಲಿ ನಿಂತು ಬಂದಿದ್ದ ಕೌಸಲ್ಯಾಬಾಯಿ, "ನೀರಿನ ಸಂಗಾಟ ಆಟ ಹೂಡೀಯೇನು" ಎಂದು ಬೈದಳು. ಒಂದು ಹನಿಯೂ ಚೆಲ್ಲುವುದಿಲ್ಲ ಎಂದು ಹೇಳಿ, ಗಂಗಾಳವನ್ನು ಹಲಗೆಯ ಮೇಲೆ ಮಗಳ ಸೊಂಟ ಬರುವ ಜಾಗದಲ್ಲಿಟ್ಟು ಗಾಡಿ ನೂಕಿದ. ಒಡ್ಡಿನ ಮೇಲೆ ಮುಂದಿನ ಗಾಲಿ ಹತ್ತಿತು, ತೊಲೆ ವಾಲಿತು, ನೀರು ಒಂದು ಅಂಚಿಗೆ ಮೆಲ್ಲಗೆ ಸರಿದು ಹಿಂದೆ ಬಂತು. ಹಳ್ಳದ ಕಲ್ಲುಗಳ ಮೇಲೂ ಅಷ್ಟೇ. ಗಂಗಾಳದ ಹೊರಮೈ ಒಣಗಿಯೇ ಇತ್ತು.

ತಾಯಿಯನ್ನು ಸಮಾಧಾನ ಮಾಡಲು ಆಡಿದ ಮಾತು ಹೀಗೆ ನಿಜವಾಗುತ್ತದೆಂದು ಅವನು ಎಣಿಸಿರಲಿಲ್ಲ. ಹಳ್ಳದ ನಡುವೆ ನಿಂತ. ಹೊರಸಿನ ಮೇಲೆ ಹೋಗುವಾಗ ಮೀರಾಳ ಬೆರಳುಗಳು ಹಗ್ಗಕ್ಕೆ ಬಿಗಿದುಕೊಂಡು ಬೆಳ್ಳಗಾಗಿರುತ್ತಿದ್ದವು. ಗಾಡಿಯ ಮೇಲೆ ನೋವು ನೋವು ಎಂದಾಗಲೆಲ್ಲ ಅವಳ ಅಂಗೈ ಬಿಚ್ಚಿಕೊಂಡು ಸುಮ್ಮನೆ ಬಿದ್ದಿರುತ್ತಿದ್ದದ್ದು ಅವನಿಗೆ ಈಗ ನೆನಪಾಯಿತು. ನೀರನ್ನು ತಾನು ಅರ್ಧ ಕುಡಿದು, ಉಳಿದದ್ದನ್ನು ದಂಡೆಯಲ್ಲಿ ನಿಂತಿದ್ದ ಒಂದು ಆಡಿಗೆ ಕುಡಿಸಿದ.

ಮನೆಗೆ ಬಂದಾಗ ಮೀರಾ ಸೂರಿನ ತೊಲೆಯನ್ನೇ ನೋಡುತ್ತ ಮಲಗಿದ್ದಳು.

"ಇನ್ನಾ ಸರಿ ಆಗಲಿಲ್ಲೇನಪಾ?"

"ಇಲ್ಲವ್ವಾ. ಇನ್ನಾ ಜರಾ ಕೆಲಸ ಅದ."

ಅವಳು ಹೂಂ ಎಂದಳು. ತುಸು ಹೊತ್ತಿನ ಮೇಲೆ, ಹಳೆಯ ಸಾಲೆಯ ಪದ್ಯವೊಂದನ್ನು ಮೂಗಿನಲ್ಲಿ ಗುನುಗತೊಡಗಿದಳು. ಪ್ಲಾಸ್ಟರ್ ಹಾಕಿದ ಮೇಲೆ ಅವಳು ಗುನುಗಿದ್ದನ್ನು ಅವನು ಕೇಳಿರಲಿಲ್ಲ.

ಬಸವಣ್ಣೆಪ್ಪ ಸುಮ್ಮನಿರುವವನಲ್ಲ. ದತ್ತಾತ್ರಿ ಊರಲ್ಲಿಲ್ಲದ ಒಂದು ದಿನ ತಾನೇ ಗಾಡಿಯ ಮೇಲೆ ಮಲಗಿ, ಇನ್ನೊಬ್ಬನಿಂದ ಹಳ್ಳದವರೆಗೆ ನೂಕಿಸಿಕೊಂಡು ಬಂದ. ಸಂಜೆ ದತ್ತಾತ್ರಿ ಮರಳಿ ಬಂದಾಗ ಕಟ್ಟೆಯ ಮೇಲೆ ಎಲ್ಲರ ಎದುರು, "ನನಗ ನಿದ್ದಿ ಬಂತು ಮಾರಾಯ" ಎಂದ. "ನನ್ನ ಬೆನ್ನು ಎಲುಬೇ, ಆಕಿ ಬೆನ್ನೂ ಎಲುಬೇ. ನಿನ್ನ ಗಾಡಿಗಿ ಏನೂ ಆಗಿಲ್ಲ ದತ್ತ್ಯಾ." ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಹಾವಗೆಪ್ಪ, ದವಾಖಾನೆಗೆ ಹೋಗುವ ದಿನ ಹತ್ತಿರ ಬಂದಿದೆ, ಅವತ್ತು ತಾವೆಲ್ಲ ಗಾಡಿಯ ಜೊತೆ ರಸ್ತೆಯವರೆಗೆ ನಡೆದು ಕಣ್ಣಾರೆ ನೋಡೋಣ ಎಂದ.

ಎಲ್ಲರ ಎದುರು ಮಗಳು ಸುಳ್ಳಿ ಅನಿಸಿಕೊಳ್ಳುತ್ತಾಳೆ. ದತ್ತಾತ್ರಿಗೆ ಬೇರೇನೂ ತೋಚಲಿಲ್ಲ. ಹೋಗುವ ಹಿಂದಿನ ದಿನ ಹೊತ್ತು ಮುಳುಗುವಾಗ ಅವನು ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಗಾಡಿಯ ಕೆಳಗೆ ಮಲಗಿದ. ಎರಡೂ ತೊಲೆಗಳ ನಡುಪಿನ್ನಿನ ನಟ್ಟುಗಳನ್ನು, ತೊಲೆ ಅಲುಗದಂತೆ ಬಿಗಿದ. ಈಗ ಒಂದು ಗಾಲಿ ಎದ್ದರೆ ಇಡೀ ಗಾಡಿಯೇ ಎದ್ದು ಕುಕ್ಕರಿಸುತ್ತದೆ. ಮೊದಲ ಒಡ್ಡಿನಲ್ಲೇ ಎಲ್ಲರಿಗೂ ಕಾಣುತ್ತದೆ, ಮೀರಾ ನೋವೆನ್ನುತ್ತಾಳೆ, ಹೊರಸು ತರುತ್ತಾರೆ. ಒಂದೇ ಒಡ್ಡು, ಅದನ್ನೂ ಮೆಲ್ಲಗೆ ಹತ್ತಿಸಿದರಾಯಿತು ಎಂದುಕೊಂಡ. ತಾನು ಕಟ್ಟಿದ ಯಾವ ಟ್ರಾಲಿಯ ಮೇಲೂ ಅವನು ಕೆಡಿಸಲೆಂದು ಪಾನಾ ಹಾಕಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸುಭದ್ರಾಳ ಫೋನು ಬಂತು. ಯಾವಾಗಲೂ ಹಾಗೆ, ಮೀರಾಗೂ ಕೇಳಲೆಂದು ಅದನ್ನು ಅವಳ ತಲೆದಿಂಬಿನ ಮೇಲೆ ಇಟ್ಟರು. ಆ ಕಡೆ ಯಂತ್ರದ ಸದ್ದಿತ್ತು. ಏಕನಾಥ ಉಸುಕಿನ ಗುಡ್ಡೆಯ ಮೇಲೆ ಆಡುತ್ತಿದ್ದವನು ಮಧ್ಯಾಹ್ನ ಕಾಣೆಯಾಗಿದ್ದನಂತೆ. ಗೇಟು ದಾಟಿ, ದೊಡ್ಡ ರಸ್ತೆ ದಾಟಿ ಹೋಗಿಬಿಟ್ಟಿದ್ದ. ಸಂಜೆ ಒಂದು ಹೋಟೆಲಿನ ಮೇಜಿನ ಕೆಳಗೆ ನಾಯಿಯ ಪಕ್ಕ ಮಲಗಿದ್ದವನನ್ನು ಯಾರೋ ತಂದುಕೊಟ್ಟರಂತೆ. ಇಷ್ಟನ್ನೂ ಸುಭದ್ರಾ ಅಳದೆಯೇ ಹೇಳಿದಳು.

"ನಾಳಿಂದ ಸೀರಿ ಹರಿದು ಏಕ್ಯಾನ್ನ ಕಂಬಕ್ಕ ಕಟ್ಟಿ ಕೆಲಸಕ್ಕ ಹತ್ತೇನಿ ರಿ. ಏನ್ ಮಾಡ್ಲಿ, ಎರಡು ಕೈ ಅವ, ಎರಡೂ ಬುಟ್ಟೀಗಿ ಬೇಕು. ಬರ್ರಿ ಅಂತ ಹೇಳಲ್ಲ ನಾ. ಹುಡುಗಿನ್ನ ನೋಡ್ಕೋರಿ."

ಫೋನು ಆರಿದ ಮೇಲೂ ಯಾರೂ ಅದನ್ನು ದಿಂಬಿನ ಮೇಲಿಂದ ತೆಗೆಯಲಿಲ್ಲ. ಕೌಸಲ್ಯಾಬಾಯಿ ಒಲೆಯ ಮುಂದೆ ಹೋಗಿ ಕೂತಳು.

"ಕಟ್ಟಿದ್ರ ಏಕ್ಯಾ ಅಳಲ್ಲೇನಪಾ?" ಎಂದು ಕೇಳಿದಳು ಮೀರಾ.

"ಅಳ್ತಾನ. ಅತ್ತು ಅತ್ತು ಮಲಗ್ತಾನ."

ಊಟಕ್ಕೆ ಕರೆದಾಗ ಅವಳು ಹಸಿವಿಲ್ಲ ಎಂದಳು.

ಬೆಳಿಗ್ಗೆ ಗಾಡಿ ಹೊರಟಾಗ ಹಾವಗೆಪ್ಪ ಕೋಲೂರಿಕೊಂಡು ಮೀರಾಳ ತಲೆಯ ಪಕ್ಕ ನಡೆದ. ಬಸವಣ್ಣೆಪ್ಪ ಇನ್ನೊಂದು ಬದಿಗೆ. ಕೌಸಲ್ಯಾಬಾಯಿ ಹಿಂದೆ. ದತ್ತಾತ್ರಿ ನೂಕುತ್ತಿದ್ದ. ನಟ್ಟು ಬಿಗಿಯಾಗಿಯೇ ಇತ್ತು. ಸಡಿಲಿಸಬೇಕೋ ಬೇಡವೋ ಎಂದು ಅವನು ಏಳುವಾಗಲೂ ಯೋಚಿಸುತ್ತಿದ್ದ, ಮಗಳನ್ನು ಎತ್ತಿ ಹಲಗೆಗೆ ಮಲಗಿಸುವಾಗಲೂ ಯೋಚಿಸುತ್ತಿದ್ದ. ಅಷ್ಟರಲ್ಲಿ ಜನ ಬಂದಿದ್ದರು.

ಮೊದಲ ಒಡ್ಡು ಬಂತು. ಎಷ್ಟೇ ಮೆಲ್ಲಗೆ ಹತ್ತಿಸಿದರೂ ಮುಂದಿನ ಗಾಲಿಗಳು ಎದ್ದಾಗ ಗಾಡಿ ಇಡಿಯಾಗಿ ಮೇಲೆದ್ದಿತು, ಇಳಿಯುವಾಗ ದಡ್ ಎಂದು ಬಿತ್ತು. ಹಿಡಿಯೊಳಗಿಂದ ಆ ಪೆಟ್ಟು ದತ್ತಾತ್ರಿಯ ಮೊಳಕೈವರೆಗೆ ಬಂತು. ಅವನು ನಿಂತು ಕಾಯ್ದ.

"ಹ್ಯಾಂಗದ ಮಗಾ?" ಎಂದ ಹಾವಗೆಪ್ಪ.

ಮೀರಾ ಕಣ್ಣು ಮುಚ್ಚಿದ್ದಳು. ತೆರೆದು, ಆಕಾಶದ ಕಡೆಗೇ ಸ್ವಚ್ಛವಾಗಿ ಹೇಳಿದಳು: "ಆರಾಮ ಅದ ರಿ ಕಾಕಾ. ಹೋದ ಸಲ ಅಪ್ಪ ಏನೋ ಸರಿ ಮಾಡ್ಯಾನ, ಈಗ ನೋವೇ ಇಲ್ಲ."

"ಖರೇ?"

"ಖರೇ ರಿ. ಆಯಿ ಒಬ್ಬಾಕೀನೇ ನೂಕಿದ್ರೂ ನಡೀತದ" ಎಂದಳು, ಅಜ್ಜಿಯ ಕಡೆ ಕಣ್ಣು ಹೊರಳಿಸಿ.

ಹಾವಗೆಪ್ಪ ಕೋಲನ್ನು ನೆಲಕ್ಕೆ ಒಮ್ಮೆ ಊರಿ, ಹಾಗಾದರೆ ಪಾಳಿ ಮುಗಿಯಿತು, ನಾಳೆ ಮುಕಾದಮನಿಗೆ ಹೇಳಿ ಕಳಿಸುತ್ತೇನೆ ಎಂದ. ಬಸವಣ್ಣೆಪ್ಪ ನಗಲಿಲ್ಲ. ಅವನೂ ಆ ದಡ್ ಸದ್ದು ಕೇಳಿದ್ದ. ಮೀರಾಳ ಮುಖವನ್ನೂ, ಗಾಡಿಯನ್ನೂ ಒಮ್ಮೆ ನೋಡಿ ಹೊಲದ ಕಡೆ ತಿರುಗಿಕೊಂಡ.

ಅವಳ ಎರಡೂ ಕೈಗಳು ಪೈಪು ಹಿಡಿದಿದ್ದವು. ಬೆರಳ ಗಿಣ್ಣುಗಳು ಸುಣ್ಣದಂತಾಗಿದ್ದವು. ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ಕೂತಿತ್ತು. ಮುಂದೆ ಇನ್ನೂ ಒಡ್ಡುಗಳಿದ್ದವು, ಹಳ್ಳವಿತ್ತು. ಅಷ್ಟನ್ನೂ ಅವಳು ಹೀಗೇ ಬಾಯಿ ಮುಚ್ಚಿಕೊಂಡು ದಾಟುತ್ತಾಳೆ ಎಂದು ದತ್ತಾತ್ರಿಗೆ ಅನುಮಾನವೇ ಉಳಿಯಲಿಲ್ಲ.

ಅವನು ಗಾಲಿಗಳಿಗೆ ಕಲ್ಲು ಕೊಟ್ಟ. ಕಿಸೆಯಿಂದ ಪಾನಾ ತೆಗೆದು, ಬಿರುಕುಬಿಟ್ಟ ನೆಲದ ಮೇಲೆ ಬೆನ್ನು ಹಾಕಿ ಮಗಳ ಹಲಗೆಯ ಕೆಳಗೆ ಸರಿದ. ನಟ್ಟು ಸುಲಭಕ್ಕೆ ಬರಲಿಲ್ಲ, ಅಷ್ಟು ಬಿಗಿದಿದ್ದ. ಎರಡೂ ಕೈ ಹಾಕಿ ಎಳೆದಾಗ ಕಿರ್ ಎಂದು ತಿರುಗಿತು. ಆಮೇಲೆ ಇನ್ನೊಂದು ಬದಿ. ಮೇಲಿನಿಂದ ಅವಳ ದನಿ ಕೇಳಿಸಿತು.

"ಏನಾಗ್ಯದಪಾ?"

"ಜರಾ ಬಿಗಿ ಆಗಿತ್ತವ್ವಾ."

"ಸಡಿಲ ಆತೇನು?"

"ಆತು."

ಹೊರಗೆ ಬಂದು ಬೆನ್ನಿನ ಮಣ್ಣನ್ನೂ ಕೊಡವಿಕೊಳ್ಳದೆ ಅವನು ಹಿಡಿಯನ್ನು ತಾಯಿಯ ಕೈಗೆ ಕೊಟ್ಟ. ಕೌಸಲ್ಯಾಬಾಯಿ ಅವನ ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡಳು. ಗಾಡಿ ಹೊರಟಿತು. ಎರಡನೆಯ ಒಡ್ಡಿನಲ್ಲಿ ತೊಲೆಗಳು ಒಂದಾದ ಮೇಲೊಂದು ವಾಲಿದವು. ಮೀರಾ ನೀರಿನ ಮೇಲೆ ತೇಲಿದ ಹಾಗೆ ಆ ಕಡೆಗೆ ದಾಟಿದಳು. ದತ್ತಾತ್ರಿ ಪಕ್ಕದಲ್ಲಿ ನಡೆಯುತ್ತಿದ್ದ. ಹಳ್ಳ ಬಂದಾಗ ಅಭ್ಯಾಸದಿಂದ ಅವನ ಎಡಹೆಗಲು ತಾನಾಗಿಯೇ ಕೆಳಗೆ ಬಾಗಿತು. ಹೊರಲು ಅಲ್ಲೇನೂ ಇರಲಿಲ್ಲ.

ಕಲ್ಲುಗಳ ನಡುವೆ ಎಲ್ಲೋ ಅವಳ ಬೆರಳು ಪೈಪು ಬಿಟ್ಟವು. ರಾತ್ರಿಯೆಲ್ಲ ಎಚ್ಚರವಿದ್ದ ಕಣ್ಣುಗಳು ಮುಚ್ಚಿದವು, ಬಾಯಿ ತುಸು ತೆರೆದುಕೊಂಡಿತು. ಕೌಸಲ್ಯಾಬಾಯಿ ಅದನ್ನು ನೋಡಿ ಹೆಜ್ಜೆ ಇನ್ನಷ್ಟು ನಿಧಾನ ಮಾಡಿದಳು. ಹಾವಗೆಪ್ಪ ಕೋಲನ್ನು ಊರುವುದು ಬಿಟ್ಟು ಕೈಯಲ್ಲಿ ಎತ್ತಿ ಹಿಡಿದುಕೊಂಡ.

ರಸ್ತೆಯ ಮೇಲೆ ನಿಂತಿದ್ದ ಜಹೀರೋದ್ದೀನ ದೂರದಿಂದಲೇ ಗಾಡಿಯನ್ನು ಕಂಡು, ಖುಷಿಗೆ ಹಾರ್ನ್ ಬಾರಿಸಲು ಜೀಪಿನೊಳಗೆ ಕೈ ಹಾಕಿದ. ದತ್ತಾತ್ರಿ ಹೊಲದ ನಡುವಿನಿಂದ ಅಂಗೈ ಮೇಲೆತ್ತಿ ಬೇಡವೆಂದ. ಜಹೀರೋದ್ದೀನ ಕೈ ಹಿಂದಕ್ಕೆ ತೆಗೆದ. ಹಿಂದಿನ ಬಾಗಿಲನ್ನು ಸದ್ದಾಗದಂತೆ ತೆರೆದಿಟ್ಟು, ಅಲ್ಲೇ ರಸ್ತೆಯಂಚಿಗೆ ಕುಕ್ಕರಗಾಲಲ್ಲಿ ಕೂತು ಕಾಯತೊಡಗಿದ. ಗಾಡಿ ಡಾಂಬರಿನ ಅಂಚಿಗೆ ಬಂದು ನಿಂತ ಮೇಲೂ ಯಾರೂ ಅವಳನ್ನು ಎಬ್ಬಿಸಲು ಕೈ ಚಾಚಲಿಲ್ಲ. ಬಿಸಿಲು ಏರುತ್ತಿತ್ತು. ದತ್ತಾತ್ರಿ ಒಂದು ಹೆಜ್ಜೆ ಸರಿದು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ನಿಂತ.